ಪೂಜೆಯಾದ ಮೇಲೆ ಮುಟ್ಟಬಾರದ ಯಂತ್ರ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುತ್ತಿರುವುದು ನನ್ನ ನೆನಪಲ್ಲ, ನನ್ನ ಫೋನು. ಧ್ವನಿಮುದ್ರಣ ಆರಂಭವಾದ ಹೊತ್ತು ಅದರಲ್ಲಿ ಹಾಗೆ ದಾಖಲಾಗಿದೆ. ಮೊದಲು ಗದ್ದಲ, ಮಕ್ಕಳ ಓಡಾಟ, ಯಾರೋ ತೆಂಗಿನಕಾಯಿ ಒಡೆದ ಸದ್ದು. ಆಮೇಲೆ ನನ್ನದೇ ದನಿ, ನಗುತ್ತಾ: "ಒಂದೇ ಸಲ ನಡೆಸಿ ತೋರಸ್ರಿ ಕಾಕಾ. ಎಲ್ಲಾರೂ ಇಷ್ಟು ದೂರದಿಂದ ಬಂದಾರ."

ಮೊನ್ನೆ ಬಹಳ ದಿನಗಳ ಮೇಲೆ ನಾಸಿಕ್‌ಗೆ ಹೋದಾಗ ಗ್ಯಾರೇಜೊಂದರ ಮುಂದೆ ಹಾದುಹೋಗುತ್ತಿದ್ದೆ. ಪಕ್ಕದಲ್ಲೇ ಹೂವಿನವಳು ಬುಟ್ಟಿ ತುಂಬ ಚೆಂಡುಹೂ ಇಟ್ಟುಕೊಂಡು ಕೂತಿದ್ದಳು. ಯಂತ್ರದ ಎಣ್ಣೆಯ ವಾಸನೆ, ಚೆಂಡುಹೂವಿನ ಕಹಿ ವಾಸನೆ ಒಂದಾಗಿ ಮೂಗಿಗೆ ಬಡಿಯಿತು. ಅವಳ ಬುಟ್ಟಿಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಕಾಯ್ ಝಾಲಂ, ತಾಯೀ?" ಎಂದು ಆಕೆ ನೀರಿನ ಬಾಟಲಿ ಕೊಟ್ಟಳು. ಏನಾಯಿತೆಂದು ಅವಳಿಗೆ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆ ವರ್ಷ ನಾನು ಎಂಬಿಎ ಮುಗಿಸಿ ನಾಸಿಕ್‌ನ ಒಂದು ಸಣ್ಣ ಸಲಹಾ ಸಂಸ್ಥೆಗೆ ಸೇರಿದ್ದೆ. ಕೆಲಸಗಾರರು ಮನಸ್ಸಿಟ್ಟು ದುಡಿಯುವುದು ಯಾತಕ್ಕೆ ಎಂದು ಕಾರ್ಖಾನೆಗಳೂ ಹೋಟೆಲುಗಳೂ ನಮ್ಮನ್ನು ಕೇಳುತ್ತಿದ್ದವು. ನಾವು ಅಲ್ಲಿನ ಮ್ಯಾನೇಜರುಗಳ ಜೊತೆ ಮಾತಾಡಿ ವರದಿ ಬರೆದುಕೊಡಬೇಕು. ನನ್ನ ಬಳಿ ಒಂದು ಫಾರಂ ಇತ್ತು. ಒಂದು ಪ್ರಶ್ನೆ, ಕೆಳಗೆ ಏಳು ಚೌಕ. ಪಗಾರ, ಬಡ್ತಿ, ಹೊಗಳಿಕೆ, ಭಯ, ಹೀಗೆ. ಮ್ಯಾನೇಜರು ಒಂದಕ್ಕೆ ಟಿಕ್ ಹಾಕಬೇಕು. ಮಾತು ಬೆಳೆದರೆ ಫೋನಿನಲ್ಲಿ ಮುದ್ರಿಸಿಕೊಳ್ಳಬೇಕು.

ಮಳೆಗಾಲವೆಲ್ಲ ನಾನು ಎರಡು ಊರುಗಳ ನಡುವೆ ಎಸ್‌ಟಿ ಬಸ್ಸಿನಲ್ಲಿ ಕಳೆದೆ. ನಾಸಿಕ್‌ನಲ್ಲಿ ಗೋದಾವರಿ ಏರಿ ದಂಡೆಯ ದುತೋಂಡ್ಯಾ ಮಾರುತಿ ವಿಗ್ರಹದ ಮೊಣಕಾಲು ಮುಳುಗಿತೆಂದರೆ ಅಂದು ಆಫೀಸಿಗೆ ಅರ್ಧ ಜನ ತಡವಾಗಿ ಬರುತ್ತಿದ್ದರು. ನಡುದಾರಿಯ ಯೇವಲಾ ದಾಟುವಷ್ಟರಲ್ಲಿ ಮಳೆ ಹಗುರಾಗುತ್ತಿತ್ತು. ಅಪ್ಪ ಅಮ್ಮ ಇರುವ ಸಂಭಾಜಿನಗರ, ಅಪ್ಪನ ಬಾಯಲ್ಲಿ ಇನ್ನೂ ಔರಂಗಾಬಾದ್, ತಲುಪಿದಾಗ ಬಸ್ಸಿನ ಗಾಜು ಒಣಗಿರುತ್ತಿತ್ತು.

ಫಾರಮ್ಮನ್ನು ಮೊದಲು ನಗೆಗೀಡು ಮಾಡಿದವರು ನಾಸಿಕ್ ರೋಡ್ ಸ್ಟೇಷನ್ ಹತ್ತಿರದ ಹೋಟೆಲಿನ ಮ್ಯಾನೇಜರ್ ಸದಾನಂದ, ಉಡುಪಿ ಕಡೆಯವರು. ಏಳೂ ಚೌಕ ಓದಿ ಕನ್ನಡಕ ತೆಗೆದರು. "ನಾನು ಕಾವಲಿಯ ಮೊದಲ ದೋಸೆ ಪಾತ್ರೆ ತೊಳೆಯುವವನಿಗೆ ಕೊಡ್ತೇನೆ ಮಾರಾಯ್ರೆ. ನಿಮ್ಮ ಕಾಗದದಲ್ಲಿ ಅದಕ್ಕೆ ಜಾಗ ಉಂಟಾ?"

"ಗೌರವ ಅಂತ ಬರೀಲಾ ಸರ್?"

"ಎಂತ ಗೌರವ! ಮೊದಲ ದೋಸೆ ಸರಿ ಏಳುದಿಲ್ಲ, ಗಿರಾಕಿಗೆ ಕೊಡ್ಲಿಕ್ಕೆ ಆಗುದಿಲ್ಲ. ಆದ್ರೆ ಅವನಿಗೆ ಅದು ಗೊತ್ತಿಲ್ಲ, ನೀವು ಬರೀಬೇಡಿ."

ನಕ್ಕು ಬರೆದುಕೊಂಡೆ. ಆಗ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ.

ಶರಣಪ್ಪ ಕಾಕಾ ಸಿಕ್ಕಿದ್ದು ಜುಲೈ ಕೊನೆಗೆ, ಸಂಭಾಜಿನಗರದ ಹೊರಗಿನ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಪ್ರೆಸ್ ವಿಭಾಗಕ್ಕೆ ಅವರು ಮ್ಯಾನೇಜರ್. ಭಾಲ್ಕಿ ಕಡೆಯವರು, ಹಣೆಯ ಮೇಲೆ ವಿಭೂತಿ, ನಿವೃತ್ತಿಗೆ ಕೆಲವೇ ತಿಂಗಳು. ನಾನು ಮರಾಠಿಯಲ್ಲಿ ಪ್ರಶ್ನೆ ಕೇಳುತ್ತಿದ್ದಾಗ ಅಮ್ಮನ ಫೋನ್ ಬಂತು, ಎರಡು ಮಾತು ಕನ್ನಡದಲ್ಲಿ ಆಡಿದೆ. ಅವರ ಮುಖವೇ ಬದಲಾಯಿತು.

"ಯವ್ವಾ, ನೀ ನಮ್ಮಾಕಿ ಏನು? ಯಾ ಊರು?"

"ಹುಮನಾಬಾದ್ ಕಡೆ, ಕಾಕಾ. ಆದ್ರ ನಾ ಇಲ್ಲೇ ಹುಟ್ಟೀನಿ."

"ಅದಕ್ಕs ಮಾತು ಹರಕ್ ಮುರಕ್ ಅದ," ಎಂದು ನಕ್ಕು, ಫಾರಂ ಮಡಚಿ ನನ್ನ ಕೈಗೇ ಕೊಟ್ಟರು. "ಮಂದಿ ಯಾಕ ದುಡೀತಾರ ಅಂತ ಕೂತು ಕೇಳಿದ್ರ ತಿಳಿಯಂಗಿಲ್ಲ ತಂಗಿ. ನಿಂತು ನೋಡು."

ಮೂರು ದಿನ ನಿಂತು ನೋಡಿದೆ. ಪ್ರತಿ ಪ್ರೆಸ್ಸಿನ ಮೇಲೆ ಅದನ್ನು ನಡೆಸುವವನ ಹೆಸರಿತ್ತು, ಅವನೇ ಬಣ್ಣದಲ್ಲಿ ಬರೆದದ್ದು. ಕಾಕಾ ದಿನಾ ಬೆಳಿಗ್ಗೆ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಯಂತ್ರದ ಮುಂದಿನ ಎರಡು ಕಂಬಗಳ ನಡುವೆ ತಮ್ಮ ಕೈ ಚಾಚಿ ಪರೀಕ್ಷಿಸುತ್ತಿದ್ದರು. ಆ ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕು ಹರಿಯುತ್ತದೆ. ಏನು ಅಡ್ಡ ಬಂದರೂ ಯಂತ್ರ ನಿಲ್ಲುತ್ತದೆ. ಅದಕ್ಕೆ ಅವರು ಯಂತ್ರದ ಕಣ್ಣು ಎನ್ನುತ್ತಿದ್ದರು. ಅಚ್ಚು ಬದಲಿಸುವಾಗ ಮಾತ್ರ ಆ ಕಣ್ಣು ಮುಚ್ಚಬೇಕು, ಮುಚ್ಚುವ ಚಾವಿ ಕೆಂಪು ದಾರದಲ್ಲಿ ಅವರ ಕೊರಳಲ್ಲೇ ಇರುತ್ತಿತ್ತು. "ಮನ್ಯಾಗ ಸ್ನಾನಕ್ಕ ಹೋದ್ರೂ ಇದು ಬಿಚ್ಚಲ್ಲ," ಎಂದಿದ್ದರು. "ನಮ್ಮಾಕಿ ತಾಳಿಗಿಂತ ಇದs ಗಟ್ಟಿ ಅದ ಅಂತಾಳ."

ಸಾಲಿನ ಕೊನೆಯ ಪ್ರೆಸ್ಸಿನ ಮೇಲೆ ಹೆಸರಿನ ಸುತ್ತ ನವಿಲುಗಳಿದ್ದವು. ವಿಠ್ಠಲ್. ಯೇವಲಾದ ಪೈಠಣಿ ಸೀರೆ ನೇಕಾರರ ಮನೆಯ ಹುಡುಗ, ಮೂವತ್ತರ ಒಳಗಿನವನು. ಸೀರೆಯ ಸೆರಗಿನ ನವಿಲನ್ನೇ ತಂದು ಕಬ್ಬಿಣದ ಮೇಲೆ ಕೂಡಿಸಿದ್ದ. ತಗಡಿನ ಅಂಚನ್ನು ಬೆರಳಲ್ಲಿ ಸವರಿ, ಅಚ್ಚು ಕೂದಲೆಳೆಯಷ್ಟು ಸರಿದಿದ್ದರೂ ಹೇಳುತ್ತಿದ್ದ. ಅಳತೆಯ ಉಪಕರಣ ತಂದು ನೋಡಿದರೆ ಅವನದೇ ಸರಿ. ಅವ್ವನ ಜೊತೆ ಜಗಳವಾಡಿ ಮಗ್ಗ ಬಿಟ್ಟು ಬಂದಿದ್ದನಂತೆ. "ಮಷೀನೇ ಎಲ್ಲ ಮಾಡುತ್ತದೆ, ನೀನು ಅಲ್ಲಿ ಏನು ಮಾಡುತ್ತೀಯ ಅಂತ ಆಯಿ ಕೇಳ್ತಾಳೆ," ಎಂದು ಒಮ್ಮೆ ಮರಾಠಿಯಲ್ಲಿ ಹೇಳಿದ. ನಗುತ್ತಲೇ ಹೇಳಿದ. ಕಣ್ಣು ನಗಲಿಲ್ಲ.

ಅವನು ಕೆಲಸ ಬಿಟ್ಟು ಹೋಗುವ ಮಾತಾಡುತ್ತಿದ್ದಾನೆಂದು ಕಾಕಾಗೆ ಗೊತ್ತಿತ್ತು. "ಪಗಾರಕ್ಕಲ್ಲ ತಂಗಿ. ಅವನ ಅವ್ವ ಒಮ್ಮೆ ಬಂದು ಅವನ ಕೆಲಸ ನೋಡಿದ್ರ ಸಾಕು, ಇನ್ನ ಹತ್ತು ವರ್ಷ ಇಲ್ಲಿಂದ ಕದಲಂಗಿಲ್ಲ ಅವ. ಈ ಸಲ ಖಂಡೇನವಮಿಗಿ ಕರಿಸ್ತೀನಿ."

ಖಂಡೇನವಮಿಯಂದು, ಎಂದರೆ ಆಯುಧಪೂಜೆಯ ದಿನ, ಆ ವಿಭಾಗದಲ್ಲಿ ಮನೆಯವರನ್ನೆಲ್ಲ ಒಳಗೆ ಬಿಡುವ ರೂಢಿಯಿತ್ತು. ಪ್ರತಿಯೊಬ್ಬನೂ ತನ್ನ ಯಂತ್ರ ತೊಳೆದು, ಹೂ ಏರಿಸಿ, ಪೂಜೆ ಮಾಡಿ, ಹೆಂಡತಿ ಮಕ್ಕಳಿಗೆ ತೋರಿಸುತ್ತಿದ್ದ. ಇದನ್ನು ಕೇಳಿ ಎಷ್ಟು ಹಿಗ್ಗಿದೆನೆಂದರೆ, ಬಸ್ಸಿನಲ್ಲೇ ಕರಡು ವರದಿ ಬರೆದೆ. ನನ್ನ ಫಾರಮ್ಮಿಗೆ ಎಂಟನೆಯ ಚೌಕ ಸಿಕ್ಕಿತ್ತು. ತನ್ನ ಕೆಲಸವನ್ನು ತನ್ನವರು ನೋಡಬೇಕು ಎಂಬ ಆಸೆಯೇ ಮನುಷ್ಯನನ್ನು ದುಡಿಸುತ್ತದೆ ಎಂದು ಬರೆದೆ. ಅದರ ಕೆಳಗೆ ಒಂದು ಸಲಹೆಯನ್ನೂ ಬರೆದೆ: ಆ ದಿನ ಯಂತ್ರಗಳು ಸುಮ್ಮನೆ ನಿಂತಿರುತ್ತವೆ, ನಡೆಸಿ ತೋರಿಸಿದರೆ ಪರಿಣಾಮ ಹೆಚ್ಚು.

ಕಾಕಾಗೆ ಓದಿ ಹೇಳಿದಾಗ ತಲೆ ಅಲ್ಲಾಡಿಸಿದರು. "ಪೂಜಿ ಆದ ಮ್ಯಾಲ ಮಷೀನ್ ಮುಟ್ಟಲ್ಲ ತಂಗಿ. ಅವತ್ತ ಅದಕ್ಕ ಸೂಟಿ. ವರ್ಷದಾಗ ಒಂದs ದಿನ."

ಕಬ್ಬಿಣಕ್ಕೆ ಎಂಥ ರಜೆ ಎಂದು ನಾನು ನಕ್ಕಿದ್ದೆ.

ಖಂಡೇನವಮಿಯ ದಿನ ವಿಭಾಗವೆಲ್ಲ ಚೆಂಡುಹೂವಿನಿಂದ ಕೇಸರಿ ಬಣ್ಣವಾಗಿತ್ತು. ವಿಠ್ಠಲನ ಅವ್ವ ಸುಭದ್ರಾಬಾಯಿ ಮೊದಲ ಬಸ್ಸಿಗೇ ಬಂದಿದ್ದರು. ಸಣ್ಣ ದೇಹ, ಮಗನ ಹಾಗೆಯೇ ಉದ್ದನೆಯ ಬೆರಳು. ಮಗ್ಗದಲ್ಲಿ ಉಳಿದ ರೇಷ್ಮೆ ದಾರದಲ್ಲಿ ತಾವೇ ಪೋಣಿಸಿದ ಚೆಂಡುಹೂವಿನ ಮಾಲೆ ತಂದಿದ್ದರು. ಯಂತ್ರದ ಅಳತೆ ಅವರಿಗೇನು ಗೊತ್ತು, ಮಾಲೆ ತೀರ ಉದ್ದವಾಗಿತ್ತು. ಪೂಜೆಯಾದ ಮೇಲೆ ಅದನ್ನು ಎರಡು ಕಂಬಗಳಿಗೂ ಸೇರಿಸಿ ತೋರಣದಂತೆ ಕಟ್ಟಿದರು. ಆಮೇಲೆ ಹಿಂದೆ ಸರಿದು, ಬೇರೆಯವರ ಮನೆಗೆ ಬಂದವರಂತೆ ಕೈ ಕಟ್ಟಿ ನಿಂತರು. ಯಂತ್ರವನ್ನು ನೋಡಿದರು, ನವಿಲುಗಳನ್ನು ನೋಡಿದರು. ವಿಠ್ಠಲ್ ಅವರ ಮುಖವನ್ನೇ ನೋಡುತ್ತಿದ್ದ.

ಆಗ ನಾನು ಫೋನಿನ ಗುಂಡಿ ಒತ್ತಿ, ಒಂದೇ ಸಲ ನಡೆಸಿ ತೋರಿಸಿ ಎಂಬ ಆ ಮಾತು ಹೇಳಿದೆ.

"ಬ್ಯಾಡ ತಂಗಿ," ಎಂಬ ಕಾಕಾರ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

"ಕಾಕಾ, ಆಯಿ ಮುಂದ ಒಮ್ಮೆ. ಒಂದs ಒಂದು." ಇದೂ ನಾನೇ.

ಅವರು "ಹೂಂ" ಎಂದರು. ವಿಠ್ಠಲ್ ಓಡಿಹೋಗಿ ತಗಡು ತಂದ, ಅಚ್ಚಿನಲ್ಲಿ ಕೂಡಿಸಿದ, ಪೆಡಲಿನ ಮೇಲೆ ಕಾಲಿಟ್ಟು ಒತ್ತಿದ. ಯಂತ್ರ ಅಲುಗಲಿಲ್ಲ. ಕೆಂಪು ದೀಪ ಹತ್ತಿತು. ಕಂಬಗಳ ನಡುವಿನ ಮಾಲೆ ಬೆಳಕಿಗೆ ಅಡ್ಡ ಬಂದಿತ್ತು. ಮತ್ತೆ ಒತ್ತಿದ. ಮತ್ತೆ ಕೆಂಪು.

"ವಿಠ್ಠಲ್ಯಾ, ನಿನ್ನ ಮಷೀನು ಆಯಿ ಕಂಡು ನಾಚಿಕೊಂಡಿದೆ ನೋಡು!" ಎಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೂ ಮುದ್ರಣದಲ್ಲಿದೆ.

ಸುಭದ್ರಾಬಾಯಿ ಮಾಲೆ ಬಿಚ್ಚಲು ಕೈ ಚಾಚಿ ತಟ್ಟನೆ ಹಿಂದೆಳೆದುಕೊಂಡರು. ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು. ಏರಿಸಿದ ಹೂವನ್ನು ದೀಪ ಆರುವ ಮುಂಚೆ ಇಳಿಸುವುದು ಹೇಗೆ? ಬೇರೆ ಯಾರೂ ಅದನ್ನು ಮುಟ್ಟಲಿಲ್ಲ. ವಿಠ್ಠಲನ ಮುಖ ಕೆಂಪಗಾಗಿತ್ತು. ಶರಣಪ್ಪ ಕಾಕಾ ಕೊರಳಿಗೆ ಕೈ ಹಾಕಿ, ಕೆಂಪು ದಾರ ಎಳೆದು, ಚಾವಿ ತಿರುಗಿಸಿ ಯಂತ್ರದ ಕಣ್ಣು ಮುಚ್ಚಿದರು. "ಒಂದs," ಎಂದರು.

ಪ್ರೆಸ್ ಒಮ್ಮೆ ಇಳಿದು ಎದ್ದಿತು. ನೆಲ ನಡುಗಿತು. ಚಪ್ಪಟೆ ತಗಡು ಒಂದು ಕ್ಷಣದಲ್ಲಿ ಬಟ್ಟಲಿನಂತಾಗಿತ್ತು. ವಿಠ್ಠಲ್ ಅದನ್ನು ತೆಗೆದು ಅವ್ವನ ಕೈಗಿಟ್ಟ. ಅವರು ಸೆರಗಿನಲ್ಲಿ ಹಿಡಿದು, ತಿರುಗಿಸಿ, ಅಂಚನ್ನು ಬೆರಳಿನಲ್ಲಿ ಸವರಿದರು. ಅವನು ತಗಡು ಸವರುವ ಹಾಗೆಯೇ.

"ಇದನ್ನು ನೀನು ಮಾಡಿದೆಯಾ?"

"ಹೋ, ಆಯಿ."

"ಇನ್ನೊಂದು ಸಲ ಮಾಡು. ನಾನು ಸರಿಯಾಗಿ ನೋಡಲಿಲ್ಲ."

ಅವನು ನಕ್ಕ ನಗು ನನ್ನ ಬಳಿ ಇಲ್ಲ. ಮುದ್ರಣದಲ್ಲಿ ನಗು ಕಾಣಿಸುವುದಿಲ್ಲವಲ್ಲ. ಯಂತ್ರದ ಕಣ್ಣು ಮತ್ತೆ ತೆರೆಯಲು ಚಾವಿಗೆ ಕೈ ಹಾಕಿದ್ದ ಕಾಕಾ ಆ ನಗು ನೋಡಿ ತಡೆದರು. ಅವನು ಎರಡನೆಯ ತಗಡು ಕೂಡಿಸಿದ. ಮೊದಲ ಹೊಡೆತಕ್ಕೇ ಮಾಲೆ ಸಡಿಲವಾಗಿತ್ತು. ಒಂದು ತುದಿ ಕಳಚಿ, ಹೂಗಳು ಅಚ್ಚಿನ ಮೇಲೆ ಬಿದ್ದವು. ಅವ್ವನ ಹೂ ಜಜ್ಜಿಹೋಗುತ್ತದೆಂದು ಅವನು ಬಲಗೈ ಒಳಗೆ ಚಾಚಿದ. ಕಾಲು ಪೆಡಲಿನ ಮೇಲೆಯೇ ಇತ್ತು.

ಆ ಮುಂದಿನದನ್ನು ನಾನು ಈವರೆಗೂ ಕೇಳಿಲ್ಲ. ಕಂಡದ್ದಿಷ್ಟು. ಕಾಕಾ ಅವನ ತೋಳನ್ನು ಮೇಲಕ್ಕೆತ್ತಿ ಹಿಡಿದು, ತಮ್ಮ ಅಂಗಿ ಬಿಚ್ಚಿ ಸುತ್ತುತ್ತಿದ್ದರು. ಅಚ್ಚಿನಲ್ಲಿ ಹೂವೆಲ್ಲ ಚಿಂದಿಯಾಗಿತ್ತು, ರೇಷ್ಮೆ ದಾರ ಮಾತ್ರ ಹರಿದಿರಲಿಲ್ಲ. ಸುಭದ್ರಾಬಾಯಿ ಆಸ್ಪತ್ರೆಯವರೆಗೂ ಆ ಬಟ್ಟಲನ್ನು ಸೆರಗಿನಲ್ಲಿ ಒತ್ತಿ ಹಿಡಿದೇ ಬಂದರು. ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು.

ವಿಚಾರಣೆಯಲ್ಲಿ ಶರಣಪ್ಪ ಕಾಕಾ ಒಂದೇ ಮಾತು ಹೇಳಿದರಂತೆ: "ಚಾವಿ ನನ್ನದು, ಕೈ ನನ್ನದು." ನನ್ನ ಹೆಸರು ಎತ್ತಲಿಲ್ಲ. ನಾಸಿಕ್‌ನಲ್ಲಿ ನಮ್ಮ ಮುಖ್ಯಸ್ಥೆ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಹೇಳಿದರು: "ನಿನ್ನ ಹೆಸರು ಎಲ್ಲೂ ಬಂದಿಲ್ಲ. ಆ ಸಲಹೆ ತೆಗೆದುಹಾಕಿ ವರದಿ ಮುಗಿಸು. ಉಳಿದದ್ದು ಚೆನ್ನಾಗಿದೆ." ಆಕೆ ಕೆಟ್ಟವರಲ್ಲ. ನನಗೆ ಟೀ ತರಿಸಿಕೊಟ್ಟರು.

ಆ ಸಾಲು ಅಳಿಸಿದೆ. ಅಳಿಸಿದ ಮೇಲೆ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಪೆಡಲಿನ ಟಕ್ ಎಂಬ ಸಣ್ಣ ಸದ್ದು, ಅದರ ಹಿಂದೆಯೇ ನನ್ನ ನಗು. ದೀಪಾವಳಿಗೆ ಮನೆಗೆ ಹೋದಾಗ ಅಮ್ಮ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟದ್ದೇ ಕಿರುಚಿದೆನಂತೆ. ದಿನಾ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಎಲ್ಲಿದ್ದರೂ, ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಗಡಿಯಾರ ನೋಡಬೇಕಾಗಿಯೇ ಇರಲಿಲ್ಲ.

ಹಬ್ಬ ಮುಗಿದ ವಾರ ಆ ಮುದ್ರಣವನ್ನು ವಿಚಾರಣೆಯವರಿಗೆ ಕೊಟ್ಟೆ. ಯಾರ ಮೇಲಿನ ಭಾರವೂ ಇಳಿಯಲಿಲ್ಲ. ನನ್ನ ಕೆಲಸ ಹೋಯಿತು, ಅದು ದೊಡ್ಡ ಮಾತಲ್ಲ. ಕಾಕಾರನ್ನು ನಿವೃತ್ತಿಗೆ ಮೊದಲೇ ಮನೆಗೆ ಕಳಿಸಿದರು. ವಿಠ್ಠಲನಿಗೆ ಗೇಟಿನ ಬಳಿ ಕೂರುವ ಕೆಲಸ ಕೊಡುತ್ತೇವೆಂದರು, ಅವನು ಒಲ್ಲೆನೆಂದು ಯೇವಲಾಕ್ಕೆ ಹೋದ.

ಕಾಕಾ ಊರಿಗೆ ಹೊರಡುವ ಮೊದಲು ಅವರ ಮನೆಗೆ ಹೋದೆ. ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾಕ ಕೊಟ್ರಿ ಅದನ್ನ?" ಮೊದಲ ಸಲ ನನಗೆ ಬಹುವಚನ.

"ಹೇಳಿದಾಕಿ ನಾನು, ಕಾಕಾ."

"ಹೇಳಿದ್ರಿ. ಮೂವತ್ತು ವರ್ಷದಾಗ ಎಷ್ಟು ಸಾಹೇಬರು ಹೇಳ್ಯಾರ, ಮಾಲು ಕಳಸೋದದ, ಚಾವಿ ತಿರುಗಸು ಶರಣಪ್ಪ ಅಂತ. ತಿರುಗಿಸಿಲ್ಲ. ನಿಮ್ಮ ಮಾತಿಗಿ ತಿರುಗಿಸ್ತೀನೇನು?" ಕೈ ತಾನಾಗಿಯೇ ಕೊರಳಿಗೆ ಹೋಗಿ, ಇಲ್ಲದ ದಾರ ಹುಡುಕಿ, ಇಳಿಯಿತು. "ಎಲ್ಲಾರೂ ನಕ್ಕಾಗ ನಾ ಅವನ ಮಾರಿ ನೋಡೀನಿ. ಅಷ್ಟೇ."

ಕಾಕಿ ಚಹಾ ತಂದಿಟ್ಟರು. ಇಬ್ಬರೂ ಕುಡಿಯಲಿಲ್ಲ.

"ಯೇವಲಾಕ್ಕ ಹೋಗಿದ್ರೇನು?"

"ಇಲ್ಲ."

"ನಾ ಎರಡು ಸಲ ಹೋಗೀನಿ. ಬಸ್‌ಸ್ಟ್ಯಾಂಡಿನಾಗ ಕೂತು ತಿರುಗಿ ಬಂದೀನಿ."

ಸಂಭಾಜಿನಗರದಿಂದ ನಾಸಿಕ್‌ಗೆ ಹೋಗುವ ಬಸ್ಸು ಯೇವಲಾದಲ್ಲಿ ನಿಲ್ಲುತ್ತದೆ. ಆ ಹತ್ತು ನಿಮಿಷ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಸಂಕ್ರಾಂತಿ ಕಳೆದ ಒಂದು ಮಧ್ಯಾಹ್ನ, ನಾಸಿಕ್‌ನ ಕೋಣೆ ಖಾಲಿ ಮಾಡಲೆಂದು ಹೊರಟವಳು, ಅಲ್ಲಿ ಇಳಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕೈ ಹೋದ ವಿಠ್ಠಲ್ ಎಂದರೆ ಓಣಿಗೆಲ್ಲ ಗೊತ್ತಿತ್ತು. ಅವನು ಹೊಸ್ತಿಲಲ್ಲಿ ಕೂತು ಎಡಗೈಯಿಂದ ರಾಟೆ ತಿರುಗಿಸಿ ಅವ್ವನಿಗೆ ದಾರ ಸುತ್ತಿಕೊಡುತ್ತಿದ್ದ. ಬಲಗೈ ಶಾಲಿನೊಳಗಿತ್ತು. ನನ್ನನ್ನು ನೋಡಿ ರಾಟೆ ನಿಲ್ಲಿಸಿದ.

"ಬನ್ನಿ ಮೇಡಂ. ಫಾರಂ ತಂದಿದ್ದೀರಾ? ಈಗ ಯಾವ ಚೌಕಕ್ಕೆ ಟಿಕ್ ಹಾಕಲಿ?"

ಅಳಬಾರದೆಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ಅಳಲಿಲ್ಲ. ನಿಂತಲ್ಲೇ, ಮರಾಠಿಯಲ್ಲಿ, ಎಲ್ಲ ಹೇಳಿದೆ. ಕರಡು ವರದಿ, ಕಾಕಾ ಎರಡು ಸಲ ಬೇಡವೆಂದದ್ದು, ನಾನು ಮತ್ತೆ ಕೇಳಿದ್ದು, ಅಳಿಸಿದ ಸಾಲು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು. ನಾನು ಮುಗಿಸುವ ಹೊತ್ತಿಗೆ ಅದು ನಿಂತಿತು.

"ನೀನು ಕೇಳಿದ್ದು ಒಂದು ಸಲಕ್ಕೆ," ಎಂದರು ಸುಭದ್ರಾಬಾಯಿ ಒಳಗಿನಿಂದ. "ಎರಡನೆಯ ಸಲ ಕೇಳಿದವಳು ನಾನು. ವಿಚಾರಣೆಗೆ ಇಷ್ಟು ಜನ ಬಂದರು, ಎಲ್ಲರೂ ಅವನನ್ನು ಕೇಳಿದರು, ಸಾಹೇಬರನ್ನು ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ."

"ಆಯಿ, ಸಾಕು," ಎಂದ ವಿಠ್ಠಲ್.

"ನಾನು ಮೊದಲ ಸಲವೇ ಸರಿಯಾಗಿ ನೋಡಿದ್ದೆ," ಎಂದರು ಅವರು. "ಕಂಡಿತ್ತು ನನಗೆ. ಅವನು ಮಾಡುವುದನ್ನು ಇನ್ನೊಮ್ಮೆ ನೋಡಬೇಕು ಅನ್ನಿಸಿತು, ಅದಕ್ಕೆ ಹಾಗೆ ಹೇಳಿದೆ."

ವಿಠ್ಠಲ್ ಅವ್ವನ ಕಡೆ ತಿರುಗಿದ. ಈ ಮಾತನ್ನು ಅವನೂ ಮೊದಲ ಸಲ ಕೇಳುತ್ತಿದ್ದಾನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಎದ್ದು ಹಿತ್ತಲಿಗೆ ಹೋದ. ಮಗ್ಗದ ಪಕ್ಕದ ಗೂಡಿನಲ್ಲಿ ಆ ಬಟ್ಟಲಿತ್ತು. ಅದರೊಳಗೆ ಬಣ್ಣ ಬಣ್ಣದ ದಾರದ ಉಂಡೆಗಳಿದ್ದವು.

ಹೊರಡಲು ತಿರುಗಿದೆ. "ಕನ್ನಡಿಯಲ್ಲಿ ಮುಖ ನೋಡಿಕೊಂಡು ಎಷ್ಟು ದಿನವಾಯಿತು?" ಎಂದು ಕೇಳಿ ಸುಭದ್ರಾಬಾಯಿ ಕೂರಿಸಿದರು. ಕತ್ತಲಾಗುವ ಮೊದಲೇ ಜೋಳದ ಭಾಕ್ರಿ, ಬದನೆಕಾಯಿ ಬಡಿಸಿದರು. ಮಗ್ಗದ ಕೋಣೆಯಲ್ಲಿ, ಗೋಡೆಯ ಪಕ್ಕ, ತಮ್ಮ ಗೋಧಡಿ ಹಾಸಿದರು. ತಲೆ ಇಟ್ಟದ್ದಷ್ಟೇ ನೆನಪು.

ಎಚ್ಚರವಾದಾಗ ಬಿಸಿಲು ಕೋಣೆಯೊಳಗೆ ಅರ್ಧದವರೆಗೆ ಬಂದಿತ್ತು. ಓಣಿಯ ಉಳಿದ ಮನೆಗಳಿಂದೆಲ್ಲ ಮಗ್ಗದ ಸದ್ದು ಬರುತ್ತಿತ್ತು. ಈ ಮನೆಯಲ್ಲಿ ಮಾತ್ರ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು. ಸುಭದ್ರಾಬಾಯಿ ಮಗ್ಗದ ಮುಂದೆ, ಮಡಿಲಲ್ಲಿ ಕೈ ಇಟ್ಟುಕೊಂಡು, ಸುಮ್ಮನೆ ಕೂತಿದ್ದರು. ಅರ್ಧ ನೇಯ್ದ ಸೆರಗು ಹಾಗೆಯೇ ಇತ್ತು. ಬೆಳಗಿನ ಕೆಲಸವೆಲ್ಲ ನಿಂತಿತ್ತು.

"ಆಯಿ, ಯಾಕೆ ನಿಲ್ಲಿಸಿದಿರಿ?"

"ನೀನು ಮಲಗಿದ್ದೆಯಲ್ಲ."

ಹಿತ್ತಲಿನಲ್ಲಿ ವಿಠ್ಠಲನ ರಾಟೆ ತಿರುಗತೊಡಗಿತು. ಅವರು ಹಗ್ಗ ಸರಿಪಡಿಸಿ, ಲಾಳಿ ಕೈಗೆತ್ತಿಕೊಂಡು, ಕೆಳಗಿನ ಪೆಡಲಿನ ಕಡೆ ಕಾಲು ಚಾಚಿದರು. ಚಾಚಿದ ಕಾಲನ್ನು ಅಲ್ಲೇ ತಡೆದು ನನ್ನ ಮುಖ ನೋಡಿದರು.

"ನಡೆಸಲಾ?"

ಎದ್ದು ಕುಳಿತೆ. ಹೂಂ ಅಂದೆ.